ಸೂಜಿ, ಸೀಸದಕಡ್ಡಿ, ಉಳಿ

ಚಿತ್ರದ ವಿಷಯವಾಗಿ ರೇಡಿಯೋದಲ್ಲಿ ಮಾತನಾಡಲು ಒಪ್ಪಿಕೊಂಡದ್ದು ಒಂದು ಬಗೆಯ ಸಾಹಸವೇ ಸರಿ. ಕಣ್ಣಿನಿಂದ ನೋಡಬೇಕಾದದ್ದನ್ನು ಕಿವಿಗೆ ಮುಟ್ಟಿಸಬೇಕು. ಅದರ ಮೇಲೆ ನಾನು ಚಿತ್ರಕಾರನಲ್ಲ, ಕಲಾವಿಮರ್ಶಕನೂ ಅಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದ ಒಬ್ಬ ಅಧ್ಯಾಪಕ. ಅಕ್ಷರವಲ್ಲದ ಗೆರೆಯನ್ನು ಓದುವ ಅಭ್ಯಾಸ ನನಗೆ ಇರಲಿಲ್ಲ. ಇತ್ತೀಚೆಗೆ ಅದನ್ನು ಒಂದಿಷ್ಟು ಕಲಿಸಿದವಳು ನನ್ನ ತಂಗಿಯ ಮಗಳು. ಅವಳು ಚಿತ್ರಕಲೆಯಲ್ಲಿ ಡಿಪ್ಲೊಮಾ ಪಡೆದು ಒಂದು ಶಾಲೆಯಲ್ಲಿ ಚಿತ್ರ ಕಲಿಸುತ್ತಾಳೆ. ರಜೆಯ ದಿನಗಳಲ್ಲಿ ಕೌದಿ ಹೊಲಿಯುತ್ತಾಳೆ, ಸದಾ ಕೈಯಲ್ಲಿ ಹಿಡಿದಿರುವ ಪುಸ್ತಕದಲ್ಲಿ ರೇಖೆಗಳನ್ನು ಬರೆಯುತ್ತಾಳೆ, ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿ ಅಚ್ಚು ತೆಗೆಯುತ್ತಾಳೆ. ಈ ಮೂರೂ ಬೇರೆ ಬೇರೆ ಕೆಲಸಗಳೆಂದು ನಾನು ತಿಳಿದಿದ್ದೆ. ಅವು ಹಾಗಲ್ಲವೆಂಬುದು ನನ್ನ ಮನೆಯದೇ ಒಂದು ಹಳೆಯ ಕೌದಿಯಿಂದ ನನಗೆ ತಿಳಿದುಬಂತು.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಅಟ್ಟವನ್ನು ಸ್ವಚ್ಛ ಮಾಡಿಸಿದೆವು. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸು ಓಣಿಯಲ್ಲಿ ಕೂಗುತ್ತ ಬರುವುದುಂಟಷ್ಟೆ. ಅವಳಿಗೆ ಕೊಡಲೆಂದು ನನ್ನ ಹೆಂಡತಿ ಕಟ್ಟಿಟ್ಟ ಗಂಟಿನಲ್ಲಿ ನಮ್ಮ ಅವ್ವ ಹೊಲಿದ ಕೌದಿಯೂ ಇತ್ತು. ಕೊಡಲು ನಾನೂ ಒಪ್ಪಿದ್ದೆ. ನಾಲ್ಕು ದಶಕಗಳ ಹಳೆಯ ಸಾಮಾನು. ಒಂದು ಮೂಲೆ ಹರಿದು ಜೋಲುತ್ತಿತ್ತು. ಆ ದಿನ ಮನೆಗೆ ಬಂದಿದ್ದ ಸೊಸೆ, ಅಂದರೆ ಈ ತಂಗಿಯ ಮಗಳು, ಗಂಟನ್ನು ಬಿಚ್ಚಿ ಅದನ್ನು ಹೊರಗೆ ಎಳೆದಳು. "ಮಾಮಾ, ಇದನ್ನ ಕೊಡಬ್ಯಾಡ್ರಿ. ಕೊಡೋದಾದ್ರ ನನಗ ಕೊಡ್ರಿ. ಒಂದು ತಿಂಗಳು ಇಟಗೊಂಡು ನೋಡ್ತೀನಿ" ಎಂದಳು. ಒಂದು ಹರಕು ಕೌದಿಯಲ್ಲಿ ಒಂದು ತಿಂಗಳು ನೋಡುವಂಥದೇನಿದೆಯೆಂದು ನನಗೆ ನಗೆ ಬಂತು. ಪಾತ್ರೆಯವಳಿಗೆ ಉಳಿದ ಬಟ್ಟೆ ಹೋಯಿತು, ಒಂದು ಡಬರಿ ಬಂತು. ಕೌದಿ ಸೊಸೆಯ ಜೊತೆಗೆ ಹೋಯಿತು.

ದಕ್ಷಿಣದ ಕೇಳುಗರಲ್ಲಿ ಕೆಲವರಿಗೆ ಕೌದಿಯೆಂದರೇನೆಂದು ಹೇಳಬೇಕಾದೀತು. ಉತ್ತರ ಕರ್ನಾಟಕದ ಮನೆಗಳಲ್ಲಿ ಉಟ್ಟು ಹಳೆಯದಾದ ಸೀರೆ, ಧೋತರ, ಕುಪ್ಪಸದ ಕಣ, ಮಕ್ಕಳ ಅಂಗಿ ಇವುಗಳನ್ನು ಒಗೆದು, ಗಟ್ಟಿಯಾಗಿ ಉಳಿದ ಭಾಗವನ್ನಷ್ಟೇ ಹರಿದು ತೆಗೆದು, ಒಂದರ ಮೇಲೊಂದು ಹಾಸಿ, ದಪ್ಪ ದಾರದಿಂದ ಹೊಲಿದ ಹೊದಿಕೆಯೇ ಕೌದಿ. ಹಾಸಲೂ ಅದೇ, ಹೊದೆಯಲೂ ಅದೇ. ಹೊಲಿಗೆಯಲ್ಲಿ ಯಾವ ಬಿನ್ನಾಣವೂ ಇಲ್ಲ. ಸೂಜಿ ಮೇಲೆ ಏಳುತ್ತದೆ, ಕೆಳಗೆ ಮುಳುಗುತ್ತದೆ, ಮತ್ತೆ ಏಳುತ್ತದೆ. ಅಂಚಿನಲ್ಲಿ ಹಿಡಿದ ಸಾಲು ನಾಲ್ಕೂ ಬದಿ ಸುತ್ತಿ, ಅದರ ಒಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು, ಹೀಗೆ ನಡುವಿನವರೆಗೆ ಹೋಗುತ್ತದೆ. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳಿನಷ್ಟು ಅಂತರ. ಸುಮ್ಮನೆ ಅಲಂಕಾರಕ್ಕೆ ಹಾಕಿದ ಸಾಲುಗಳಲ್ಲ ಇವು. ಹಳೆಯ ಬಟ್ಟೆ ಒಂದೇ ಪದರಾಗಿದ್ದರೆ ಎಳೆತಕ್ಕೆ ಸಿಕ್ಕು ಪರ್ರನೆ ಹರಿದುಹೋಗುತ್ತದೆ. ನಾಲ್ಕಾರು ಪದರುಗಳನ್ನು ಒತ್ತಾಗಿ ಹೊಲಿದಾಗ ಎಳೆತ ಎಲ್ಲ ಪದರುಗಳಿಗೂ ಹಂಚಿಹೋಗುತ್ತದೆ. ಎಲ್ಲಿಯಾದರೂ ಹರಿದರೂ ಆ ಹರಕು ಮುಂದಿನ ಹೊಲಿಗೆಯ ಸಾಲಿಗೆ ಬಂದು ನಿಲ್ಲುತ್ತದೆ. ಸಾಲುಗಳ ನಡುವೆ ಬಟ್ಟೆ ಉಬ್ಬಿ ಸಣ್ಣ ಅಲೆಗಳಂತೆ ಏಳುತ್ತದೆಯಲ್ಲ, ಆ ಉಬ್ಬಿನಲ್ಲಿ ಗಾಳಿ ನಿಂತು ಬೆಚ್ಚಗಿಡುತ್ತದೆ. ಜೀರ್ಣವಾದ ಬಟ್ಟೆಗೆ ಇನ್ನೊಂದು ಇಪ್ಪತ್ತು ವರ್ಷದ ಆಯುಷ್ಯ ಕೊಡುವ ಯುಕ್ತಿಯನ್ನು ಯಾರು ಮೊದಲು ಕಂಡುಕೊಂಡರೋ! ಹೆಸರು ಉಳಿಸಿಕೊಳ್ಳುವ ಹಂಬಲ ಅವರಿಗೆ ಇರಲಿಲ್ಲ.

ಶಬ್ದದ ಬೆನ್ನು ಹತ್ತುವುದು ನನ್ನ ಕಸುಬಿನ ದೋಷ. ಹಳೆಯ ಕನ್ನಡ ಓದಿದವರಿಗೆ 'ಕಂಥೆ' ಎಂಬ ಮಾತು ಪರಿಚಿತ. ಜೋಗಿ ಜಂಗಮರು ಹೊದೆಯುವ ತೇಪೆಯ ಹೊದಿಕೆ ಅದು. ಬಂಗಾಳದ ಹೆಣ್ಣುಮಕ್ಕಳು ಹಳೆಯ ಸೀರೆಗಳ ಪದರಿನ ಮೇಲೆ ಹೂವು, ಆನೆ, ತೇರು, ದೋಣಿಗಳನ್ನು ಸೂಜಿಯಿಂದಲೇ ಬರೆಯುವ 'ಕಾಂಥಾ' ಕೂಡ ಅದೇ ಮಾತಿನ ಕುಲದ್ದು. ಸೀರೆಯ ಅಂಚಿನಿಂದ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು ಅದೇ ನೂಲಿನಿಂದ ಚಿತ್ರ ಹೊಲಿಯುವುದು ಅಲ್ಲಿಯ ಪದ್ಧತಿಯಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಬುದ್ಧನು ಮಗಧದ ಹೊಲಗಳನ್ನು ತೋರಿಸಿ, ಬದುಗಳಿಂದ ತುಂಡುತುಂಡಾಗಿ ಕಾಣುವ ಆ ನೆಲದಂತೆ ಭಿಕ್ಷುಗಳ ಚೀವರವನ್ನು ಜೋಡಿಸಿ ಹೊಲಿಯಲು ಸಾಧ್ಯವೇ ಎಂದು ಆನಂದನನ್ನು ಕೇಳುತ್ತಾನೆ. ಆನಂದ ಹೊಲಿದು ತೋರಿಸುತ್ತಾನೆ. ಕತ್ತರಿಸಿ ಜೋಡಿಸಿದ ಬಟ್ಟೆಗೆ ಮಾರಾಟದ ಬೆಲೆಯಿರದು, ಕಳ್ಳರಿಗೂ ಅದು ಬೇಡ. ಹರಿದ ಬಟ್ಟೆಯಲ್ಲಿ ಹೊಲದ ನಕ್ಷೆಯನ್ನು ಕಾಣುವ ಕಣ್ಣು ಅಷ್ಟು ಹಿಂದಿನದು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಿನ ಅಂಚಿನ ಊರುಗಳಲ್ಲಿ ಸಿದ್ದಿಯರು ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ಸಂತತಿ. ಆ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ 'ಕವಂದಿ' ಎಂದು ಹೆಸರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದ ಹೆನ್ರಿ ಡ್ರೂಯಲ್ ಎಂಬ ವಿದ್ವಾಂಸರು ಈ ಕವಂದಿಗಳನ್ನು ಅಭ್ಯಾಸ ಮಾಡಿ ಹೊರಗಿನ ಜಗತ್ತಿಗೆ ತೋರಿಸಿದರು. ನನ್ನ ಸೊಸೆ ಹಳಿಯಾಳದ ಕಡೆಗೆ ಹೋಗಿ ಆ ಹೆಣ್ಣುಮಕ್ಕಳ ಪಕ್ಕದಲ್ಲಿ ಕುಳಿತು ಹೊಲಿಗೆ ನೋಡಿ ಬಂದವಳು. ಅವರು ಮೊದಲೇ ನಕ್ಷೆ ಬರೆದಿಟ್ಟುಕೊಳ್ಳುವುದಿಲ್ಲವಂತೆ. ಒಂದು ಮೂಲೆಯಿಂದ ಹೊರಟು, ಕೈಗೆ ಬಂದ ತುಂಡನ್ನು ಇಟ್ಟು ನೋಡಿ, ಬಣ್ಣ ಹೊಂದದಿದ್ದರೆ ತೆಗೆದು, ಬೇರೊಂದನ್ನು ಇಟ್ಟು ಒಳಕ್ಕೆ ಸಾಗುತ್ತಾರೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಿಗೆ ಮಡಿಚಿದ ಬಟ್ಟೆಯ ಸಣ್ಣ ತ್ರಿಕೋನಗಳನ್ನು ಹಚ್ಚುತ್ತಾರೆ. ಅವಕ್ಕೆ 'ಫೂಲ', ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಬೆಚ್ಚಗಿಡುವ ಕೆಲಸಕ್ಕೆ ಆ ಹೂವು ಏನೂ ಬೇಕಿಲ್ಲ. ಉಪಯೋಗ ಮುಗಿದ ಮೇಲೂ ನಾಲ್ಕು ಹೊಲಿಗೆ ಹೆಚ್ಚು ಹಾಕಬೇಕೆನ್ನಿಸುವ ಆ ಜಾಗದಲ್ಲಿಯೇ ಕಲೆ ಆರಂಭವಾಗುತ್ತದೆಯೆಂದು ನಾನು ಹೇಳಿದರೆ ಸೊಸೆ ಒಪ್ಪುವುದಿಲ್ಲ. ಮೊದಲನೆಯ ತುಂಡನ್ನು ಆರಿಸುವಾಗಲೇ ಅದು ಆರಂಭವಾಗಿರುತ್ತದೆಯೆಂದು ಅವಳ ವಾದ. ಅವಳ ಮಾತೇ ಸರಿಯಿದ್ದೀತು; ನಾನು ಪಾಠದ ರೂಢಿಯಿಂದ ಹೇಳಿದೆ.

ಅವ್ವನ ಕೌದಿಯನ್ನು ಒಯ್ದವಳು ಅದರ ಫೋಟೋ ತೆಗೆಯಲಿಲ್ಲ. ಸೀಸದಕಡ್ಡಿ ಹಿಡಿದು ಬರೆಯಲು ಕುಳಿತಳು. ದಿನಕ್ಕೆ ಒಂದು ಗೇಣು ಜಾಗ, ಹೊಲಿಗೆ ಹೊಲಿಗೆಯನ್ನೂ ಇದ್ದಂತೆ. ನಾನು ಒಂದು ಸಲ ಅವಳ ಮನೆಗೆ ಹೋದಾಗ ಆ ಪುಸ್ತಕವನ್ನು ತಿರುವಿ ನೋಡಿದೆ. ಹಾಳೆ ತುಂಬ ಸಣ್ಣ ಸಣ್ಣ ಅಡ್ಡಗೆರೆಗಳು. ಮೊದಲಿಗೆ ನನಗೆ ಏನೂ ಕಾಣಿಸಲಿಲ್ಲ. "ಫೋಟೋ ತೆಗೆದಿದ್ದರೆ ಒಂದು ಕ್ಷಣದ ಕೆಲಸವಲ್ಲವೇ?" ಎಂದೆ. ಅವಳು, "ಫೋಟೋ ಎಲ್ಲಾ ಒಮ್ಮೆಲೇ ನೋಡತದ ಮಾಮಾ. ಬರಿಯೂಮುಂದ ಒಂದೊಂದ ನೋಡಬೇಕಾಗತದ" ಎಂದಳು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅಂಚಿನ ಸುತ್ತುಗಳಲ್ಲಿ ಹೊಲಿಗೆ ಜೋಳದ ಕಾಳಿನಷ್ಟು ಚಿಕ್ಕದು, ಒಂದೇ ಸಮ. ಒಂದು ಬದಿಯಲ್ಲಿ ಅವು ಥಟ್ಟನೆ ಉದ್ದವಾಗುತ್ತವೆ, ಸಾಲು ಒಂದಿಷ್ಟು ಡೊಂಕಾಗುತ್ತದೆ, ದಾರದ ಬಿಗುವೂ ಬೇರೆ. ಅದು ಬೇರೆಯವರ ಕೈ. ಕೌದಿಯನ್ನು ಇಬ್ಬರು ಹೊಲಿದಿದ್ದಾರೆ.

ಈ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಓಲೆಗರಿಯ ಪ್ರತಿಗಳನ್ನು ಓದುವಾಗ ನಾವು ಮಾಡುತ್ತಿದ್ದದ್ದು ಇದನ್ನೇ ಅಲ್ಲವೇ? ಇಷ್ಟು ಗರಿಗಳವರೆಗೆ ಒಬ್ಬ ಲಿಪಿಕಾರ, ಇಲ್ಲಿಂದ ಮುಂದೆ ಇನ್ನೊಬ್ಬ, ಅಕ್ಷರದ ಮೈ ಬೇರೆ, ತಲೆಕಟ್ಟಿನ ಬಾಗು ಬೇರೆ ಎಂದು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದವನು ನಾನು. ಹತ್ತು ವರ್ಷ ಮೈಮೇಲೆ ಹೊದ್ದ ಕೌದಿಯಲ್ಲಿ ಎರಡು ಕೈಗಳ ಬರಹವಿತ್ತೆಂಬುದನ್ನು ಕಂಡಿರಲಿಲ್ಲ.

ಗೆರೆಯನ್ನು ದಿನವೂ ಬರೆಯುವುದು ಚಿತ್ರಕಾರರಿಗೆ ಗಾಯಕರ ಸಾಧಕದಂತೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿದ ನಮ್ಮ ಕೆ. ಕೆ. ಹೆಬ್ಬಾರರು ಗೆರೆಯ ಲಯವನ್ನು ಅರಿಯಲೆಂದು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ 'ಹಾಡುವ ರೇಖೆ' ಎಂಬ ಅರ್ಥದ ಹೆಸರಿದೆ. ಒಂದು ಸಲ ಕಾಗದಕ್ಕೆ ತಾಗಿದ ಕುಂಚ ಏಳದೆ ಹೋಗಿ ನರ್ತಕಿಯ ಮಗ್ಗುಲನ್ನೂ ಸೆರಗನ್ನೂ ಒಟ್ಟಿಗೆ ಹೇಳಿ ಮುಗಿಸುವ ಆ ಗೆರೆಗಳನ್ನು ಕಂಡವರು ಹೆಸರು ಉತ್ಪ್ರೇಕ್ಷೆಯೆನ್ನಲಾರರು. ಶಾಂತಿನಿಕೇತನದ ನಂದಲಾಲ ಬೋಸರ ರೂಢಿ ಇನ್ನೊಂದು ಬಗೆಯದು. ಅವರು ಜೇಬಿನಲ್ಲಿ ಕಾರ್ಡುಗಳನ್ನು ಇಟ್ಟುಕೊಂಡು, ಕಂಡ ಮೇಕೆ, ಎಮ್ಮೆ, ತಾಳೆಮರ, ಬುಟ್ಟಿ ಹೊತ್ತ ಸಂತಾಲ ಹೆಂಗಸು ಇವನ್ನೆಲ್ಲ ನಾಲ್ಕು ಗೆರೆಗಳಲ್ಲಿ ಹಿಡಿದು ಶಿಷ್ಯರಿಗೂ ಗೆಳೆಯರಿಗೂ ಟಪಾಲಿನಲ್ಲಿ ಕಳಿಸಿಬಿಡುತ್ತಿದ್ದರು. ಅಂಥ ಕಾರ್ಡುಗಳು ಸಾವಿರಗಟ್ಟಲೆ. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದಾಗ ಇದೇ ನಂದಲಾಲರು ಅವರ ಸಹಪಾಠಿಗಳ ಬಳಗದವರು. ಇಬ್ಬರೂ ಅಜಂತೆಯ ಗುಹೆಗಳಲ್ಲಿ ಕುಳಿತು ಭಿತ್ತಿಚಿತ್ರಗಳ ಪ್ರತಿ ಬರೆದವರು. ಹೆಚ್ಚು ನೋಡಿ ಕಡಿಮೆ ಬರೆಯುವುದನ್ನು ಅವರು ಅಲ್ಲಿಯೇ ಕಲಿತರೋ ಏನೋ.

ಕೌದಿಯ ಕಡೆಗೆ ಮರಳುತ್ತೇನೆ. ಹರಿದ ಮೂಲೆಯಲ್ಲಿ ಪದರುಗಳು ಹೇಗೆ ಕೂತಿವೆಯೆಂದು ಬರೆಯಲು ಸೊಸೆ ಅಲ್ಲಿಯ ಹತ್ತು ಹನ್ನೆರಡು ಹೊಲಿಗೆಗಳನ್ನು ಬಿಚ್ಚಿದಳು. ನನ್ನನ್ನು ಕರೆಸಿ ತೋರಿಸಿದಳು. ಮೇಲಿನ ಪದರು ಇಳಕಲ್ಲ ಸೀರೆಗಳ ತುಂಡುಗಳಿಂದ ಆದದ್ದು. ಕೆಂಪು ರೇಷ್ಮೆಯ ಟೋಪ ತೆನಿ ಸೆರಗುಗಳನ್ನು ಉದ್ದುದ್ದ ಪಟ್ಟಿಯಾಗಿ ಹರಿದು ನಾಲ್ಕೂ ಬದಿಗೆ ಕೊಟ್ಟಿದ್ದಾರೆ. ನಡುವೆ ಹಸಿರು, ನೀಲಿ, ದಾಳಿಂಬೆ ಬಣ್ಣದ ಒಡಲುಗಳ ಚೌಕಗಳು. ಇಳಕಲ್ಲ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವ ಒಂದು ವಿಶೇಷ ವಿಧಾನವುಂಟು. ಆ ಕೊಂಡಿಯ ಜಾಗಗಳನ್ನು ಕತ್ತರಿಸದೆ ಹಾಗೇ ಉಳಿಸಿಕೊಂಡಿದ್ದಾರೆ. ಒಳಗೆ ಮೆತ್ತನೆಯ ಬಿಳಿ ಧೋತರ, ಅದರ ಅಂಚಿನಲ್ಲಿ ಅಳಿಸದ ಮಸಿಯ ಮಡಿವಾಳರ ಗುರುತು. ಅದು ನಮ್ಮ ಅಪ್ಪನ ಧೋತರ.

ಒಳಪದರಿಗೆ ಹಳೆಯ ಧೋತರ ಹಾಕುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಬಹಳ ಅರ್ಥ ತೆಗೆಯಬಾರದೆಂದು ನಾನು ನನಗೇ ಹೇಳಿಕೊಂಡೆ. ಆದರೆ ಮೇಲಿನ ಸೀರೆಗಳು? ಅವು ಜೀರ್ಣವಾದವುಗಳಲ್ಲ. ಸೊಸೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ನೇಯ್ಗೆ ಎಲ್ಲಿಯೂ ಸವೆದಿಲ್ಲ, ಇವು ಉಡುವಂಥವೇ ಇದ್ದವು ಎಂದಳು. ಅಪ್ಪ ತೀರಿಕೊಂಡದ್ದು 1978ರಲ್ಲಿ, ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ. ಆಮೇಲೆ ಅವ್ವ ಬಣ್ಣದ ಸೀರೆ ಉಟ್ಟದ್ದನ್ನು ನಾನು ಕಾಣಲಿಲ್ಲ. ಆ ಸೀರೆಗಳೆಲ್ಲ ಏನಾದವೆಂದು ಕೇಳಲೂ ಇಲ್ಲ. 1981ರಲ್ಲಿ ನನಗೆ ದೂರದ ಊರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಈ ಕೌದಿಯನ್ನು ಟ್ರಂಕಿನ ಮೇಲೆ ಮಡಿಚಿ ಇಟ್ಟಿದ್ದಳು. ನಾನು ಬಾಡಿಗೆಯ ಕೋಣೆಯಲ್ಲಿ ಅದನ್ನು ಹಾಸಿಕೊಂಡೆ, ಅದರ ಮೇಲೆ ಕುಳಿತು ಪತ್ರಿಕೆಗಳನ್ನು ತಿದ್ದಿದೆ, ಮಸಿ ಚೆಲ್ಲಿದೆ, ಮನೆ ಬದಲಿಸುವಾಗ ಅದರಲ್ಲಿ ಪುಸ್ತಕಗಳನ್ನು ಕಟ್ಟಿದೆ.

ಆ ರಾತ್ರಿ ತಂಗಿಗೆ ಫೋನು ಮಾಡಿ ಕೇಳಿದೆ. ಉದ್ದ ಹೊಲಿಗೆಯ ಆ ಎರಡನೆಯ ಕೈ ಅವಳದೇ. ಆಗ ಅವಳು ಶಾಲೆಯ ಹುಡುಗಿ. ಪಡಸಾಲೆಯಲ್ಲಿ ಅವ್ವ ಸೀರೆಗಳನ್ನು ಹರಿಯುವಾಗ ಇನ್ನೊಂದು ತುದಿಯನ್ನು ಎಳೆದು ಹಿಡಿದವಳೂ ಅವಳೇ. "ನಿನಗ ಗೊತ್ತಿರಲಿಲ್ಲೇನು, ಅಣ್ಣಾ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಇಂಥದೇ ಒಂದು ಸಂಗತಿಯನ್ನು ಸೊಸೆ ನನಗೆ ಆಮೇಲೆ ಓದಿ ತಿಳಿಸಿದಳು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯ ತಿರುವಿನೊಳಗೆ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ತೋಟದ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಬಾಳುತ್ತ ಬಂದರು. ಅಲ್ಲಿಯ ಮಿಸ್ಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ ಗಂಡನನ್ನು ಕಳೆದುಕೊಂಡಾಗ ಅವನು ಹೊಲದಲ್ಲಿ ದುಡಿಯುವಾಗ ತೊಡುತ್ತಿದ್ದ ಬಟ್ಟೆಗಳನ್ನೆಲ್ಲ ಹರಿದು ಒಂದು ಕೌದಿ ಹೊಲಿದಳು. ಬಟ್ಟೆ ಹರಿಯಲು ನೆರವಾದ ಮಗಳು ಆರ್ಲೋನ್ಜಿಯಾ ಮುಂದೆ ಮುದುಕಿಯಾದ ಮೇಲೆ ಅದನ್ನು ಹೇಳಿದಳು. ಮೊಣಕಾಲಿನ ಜಾಗದಲ್ಲಿ ಬಣ್ಣ ಹಾರಿದ ತುಂಡುಗಳು ಆ ಕೌದಿಯಲ್ಲಿ ಹಾಗೆಯೇ ಇವೆ. 2002ರಲ್ಲಿ ಆ ಹಳ್ಳಿಯ ಕೌದಿಗಳು ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿಯೂ ಆಮೇಲೆ ನ್ಯೂಯಾರ್ಕಿನಲ್ಲಿಯೂ ಗೋಡೆಯ ಮೇಲೆ ಏರಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ಗೋಡೆಗೆ ಏರಿದ್ದರಿಂದ ಅವುಗಳ ಮರ್ಯಾದೆ ಹೆಚ್ಚಿತೆಂದು ಸಂತೋಷಪಡುವವರಿದ್ದಾರೆ. ಹೊದೆಯುವ ವಸ್ತುವಿಗೆ ಗೋಡೆ ಏಕೆಂದು ಕೇಳುವವರೂ ಇದ್ದಾರೆ. ಹೊಲಿದವರ ಹೆಸರು ಕೌದಿಯ ಪಕ್ಕದಲ್ಲಿ ಬರೆದಿದ್ದರೆ ಗೋಡೆಯಾದರೂ ಇರಲಿ ಎಂದು ನನ್ನ ಪಕ್ಷ.

ಇನ್ನು ಕೆತ್ತನೆಯ ಅಚ್ಚು. ಲಿನೋಲಿಯಂ ಎಂದರೆ ಹಳೆಯ ಕಚೇರಿಗಳ ನೆಲಕ್ಕೆ ಹಾಸುತ್ತಿದ್ದ ಹಾಳೆ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬಾತ 1860ರ ದಶಕದಲ್ಲಿ ಅದನ್ನು ಕಂಡುಹಿಡಿದ. ಅಗಸಿಯ ಎಣ್ಣೆಯನ್ನು ಗಾಳಿಗೆ ಗಟ್ಟಿಯಾಗಿಸಿ, ಬೆಂಡಿನ ಪುಡಿ, ಮರದ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಒತ್ತಿದ ವಸ್ತು ಅದು. ಹೌದು, ನಮ್ಮ ರೊಟ್ಟಿಯ ಜೊತೆಗಿನ ಹಿಂಡಿಯ ಅಗಸಿಯೇ! ಅಚ್ಚಿನ ಮಸಿಯನ್ನು ಕಲಸುವುದೂ ಬಹುಮಟ್ಟಿಗೆ ಅಗಸಿಯ ಎಣ್ಣೆಯಲ್ಲಿಯೇ. ಮರಕ್ಕೆ ಎಳೆಯಿದೆ, ಎಳೆಯ ಜಾಡು ಬಿಟ್ಟು ಉಳಿ ಹೋದರೆ ಸಿಬಿರು ಏಳುತ್ತದೆ. ಲಿನೋಲಿಯಮ್ಮಿಗೆ ಎಳೆಯಿಲ್ಲ, ಉಳಿ ಯಾವ ಕಡೆಗೆ ತಿರುಗಿಸಿದರೂ ಹೋಗುತ್ತದೆ. ಬಿಸಿಲಿಗೆ ಸ್ವಲ್ಪ ಕಾಯಿಸಿದರೆ ಬೆಣ್ಣೆಯಂತೆ ಕಡಿಯುತ್ತದೆ. ಕೆತ್ತಿ ತೆಗೆದ ಭಾಗ ತಗ್ಗು, ಬಿಟ್ಟ ಭಾಗ ಎತ್ತರ. ರಬ್ಬರಿನ ಉರುಳೆಯಿಂದ ಮಸಿ ಹಚ್ಚಿದರೆ ಅದು ಎತ್ತರಕ್ಕಷ್ಟೇ ಹತ್ತುತ್ತದೆ. ಮೇಲೆ ಕಾಗದವಿಟ್ಟು ಚಮಚೆಯ ಬೆನ್ನಿನಿಂದ ಉಜ್ಜಿ, ಒಂದು ಮೂಲೆಯಿಂದ ಮೆಲ್ಲಗೆ ಎತ್ತಬೇಕು. ಉಳಿ ನಡೆದ ದಾರಿ ಬಿಳಿದಾಗಿ, ಉಳಿದದ್ದು ಕಪ್ಪಾಗಿ ಕಾಣುತ್ತದೆ.

ಮೊದಲ ಸಲ ಅವಳು ಕಾಗದ ಎತ್ತಿದಾಗ, "ಇದು ಶಾಸನದ ಪಡಿಯಚ್ಚು" ಎಂದು ನಾನು ಕೂಗಿದೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿಬಡಿದು ಅಕ್ಷರದ ತಗ್ಗಿನೊಳಗೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿಯ ಗುಬುಟು ಒತ್ತುತ್ತಿದ್ದೆವು. ಕಪ್ಪಿನ ನಡುವೆ ಅಕ್ಷರಗಳು ಬಿಳಿದಾಗಿ ಏಳುತ್ತಿದ್ದವು. 1886ರಿಂದ ಬಿ. ಎಲ್. ರೈಸರು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದು ಮೊದಲು ಮಾಡಿದ ಶಾಸನಗಳ ಸಂಗ್ರಹಕಾರ್ಯ ಮುಂದುವರಿದು ಬಂದದ್ದು ಇಂಥ ಕಪ್ಪು ಕಾಗದಗಳ ಆಧಾರದಿಂದ. ಓಲೆಗರಿಯ ರೀತಿ ಇದಕ್ಕೆ ತಿರುಗುಮುರುಗು. ಕಂಟದಿಂದ ಗರಿಯನ್ನು ಗೀರಿ, ಗೀರಿದ ತಗ್ಗಿನಲ್ಲಿ ಕಾಡಿಗೆ ತುಂಬಿ, ಮೇಲಿನದನ್ನು ಒರೆಸುತ್ತಾರೆ. ಅಲ್ಲಿ ಕೆತ್ತಿದ್ದೇ ಕಪ್ಪು. ಕನ್ನಡ ಅಕ್ಷರ ಬಹುಕಾಲ ಕೆತ್ತನೆಯಲ್ಲಿ ಬದುಕಿತ್ತೆಂಬುದನ್ನು ಲೇಖನಿ ಹಿಡಿದ ನಾವು ಮರೆತಿದ್ದೇವೆ.

ಆದರೆ ನಾನು ಒಂದು ಭೇದವನ್ನು ಗಮನಿಸಲಿಲ್ಲ, ಅದಕ್ಕೆ ದಂಡ ತೆತ್ತೆ. ನನ್ನ ಉತ್ಸಾಹವನ್ನು ಕಂಡು ಸೊಸೆ ಒಂದು ತುಂಡು ಲಿನೋಲಿಯಂ ಕೊಟ್ಟು, ಒಂದು ಶಬ್ದ ಕೆತ್ತಿರೆಂದಳು. ನಾನು 'ಅವ್ವ' ಎಂದು ಬರೆದುಕೊಂಡು ಎರಡು ತಾಸು ಕೆತ್ತಿದೆ. ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕೆಂದು ಅವಳು ಎರಡು ಸಲ ಹೇಳಿದ್ದಳು; ನಾನು ಮುಂದೆ ಇಟ್ಟು ಎಡಗೈ ಹೆಬ್ಬೆರಳನ್ನು ಕೊಯ್ದುಕೊಂಡೆ. ಕೊನೆಗೆ ಅಚ್ಚು ಒತ್ತಿದರೆ ಅಕ್ಷರಗಳು ಕನ್ನಡಿಯೊಳಗಿನಂತೆ ತಿರುಗಿ ನಿಂತಿದ್ದವು. ಶಾಸನದ ಪಡಿಯಚ್ಚಿನಲ್ಲಿ ಮಸಿ ಕಾಗದದ ಮೇಲ್ಮೈಗೆ ಬೀಳುತ್ತದೆ, ನಾವು ಓದುವುದೂ ಅದೇ ಮೇಲ್ಮೈ. ಆದ್ದರಿಂದ ಅಕ್ಷರ ನೇರ. ಇಲ್ಲಿ ಮಸಿ ಕೆತ್ತನೆಗೆ ಹತ್ತುತ್ತದೆ, ಕಾಗದ ಬೋರಲು ಮಲಗಿ ಅದನ್ನು ಹೀರುತ್ತದೆ. ಎತ್ತಿ ತಿರುಗಿಸಿದಾಗ ಎಡ ಬಲವಾಗುತ್ತದೆ. ಅಕ್ಷರಗಳನ್ನು ತಿರುಗಿಸಿ ಕೆತ್ತಬೇಕೆಂಬುದು ಮೊಳೆ ಜೋಡಿಸುವ ಯಾವ ಅಚ್ಚುಕೂಟದ ಹುಡುಗನಿಗೂ ಗೊತ್ತಿದ್ದ ಮಾತು. ಕನ್ನಡ ಪ್ರಾಧ್ಯಾಪಕನಿಗೆ ಹೊಳೆಯಲಿಲ್ಲ. ಸೊಸೆ ನಗಲಿಲ್ಲ; ಅರಿಶಿನ ತಂದು ಬೆರಳಿಗೆ ಹಚ್ಚಿದಳು.

ಕಡಿದದ್ದು ಮತ್ತೆ ಕೂಡುವುದಿಲ್ಲವೆಂಬುದು ಈ ಕಲೆಯ ಬಿಗಿ. ಸೀಸದಕಡ್ಡಿಯ ಗೆರೆಯನ್ನು ಅಳಿಸಬಹುದು, ಹೊಲಿಗೆಯನ್ನು ಬಿಚ್ಚಬಹುದು, ಉಳಿಯ ಏಟನ್ನು ಹಿಂದಕ್ಕೆ ಪಡೆಯುವಂತಿಲ್ಲ. ಆದ್ದರಿಂದ ಇದರಲ್ಲಿ ಪಳಗಿದವರು ಬೇಡದ್ದನ್ನು ಹೇಳುವುದಿಲ್ಲ. ನಂದಲಾಲ ಬೋಸರು 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ಸಮಯದಲ್ಲಿ, ಕೋಲು ಹಿಡಿದು ನಡೆಯುವ ಗಾಂಧೀಜಿಯವರನ್ನು ಲಿನೋಲಿಯಮ್ಮಿನಲ್ಲಿ ಕೆತ್ತಿದ 'ಬಾಪೂಜಿ' ಚಿತ್ರವನ್ನು ನೆನೆಯಿರಿ. ಅಪ್ಪಟ ಕಪ್ಪಿನ ಮೇಲೆ ಬಿಳಿಯ ಕೆಲವೇ ಗೆರೆಗಳು. ಹಿಂದೆ ಸಮುದ್ರವಿಲ್ಲ, ಜನಸಂದಣಿಯಿಲ್ಲ. ಮುಂದಿಟ್ಟ ಕಾಲು, ಊರಿದ ಕೋಲು, ಬಾಗಿದ ತಲೆ, ಇಷ್ಟೇ. ನೂರಾರು ಕಾರ್ಡುಗಳ ಮೇಲೆ ನಡೆಯುವವರನ್ನು ಬರೆದ ಕೈಗಷ್ಟೇ ಆ ಕಾಲಿನ ಕೋನ ಸಿಕ್ಕೀತು. ಅದೇ ವರ್ಷ ರವೀಂದ್ರನಾಥರು ಬಂಗಾಳಿ ಮಕ್ಕಳಿಗಾಗಿ ಬರೆದ 'ಸಹಜ ಪಾಠ' ಎಂಬ ಅಕ್ಷರಮಾಲೆಯ ಪುಸ್ತಕ ಹೊರಬಂತು. ಅದಕ್ಕೂ ನಂದಲಾಲರ ಲಿನೋ ಕೆತ್ತನೆಯ ಚಿತ್ರಗಳೇ. ನಾಡಿನ ನಾಯಕನಿಗೂ ಅಆಇಈ ಕಲಿಯುವ ಕೂಸಿಗೂ ಒಂದೇ ಉಳಿ.

ಚಿತ್ತಪ್ರಸಾದರ ಹಾದಿ ಕಠಿಣವಾದದ್ದು. ಜಾತಿಯ ಅಡ್ಡಹೆಸರನ್ನು ಬಿಟ್ಟು ಬರಿಯ ಚಿತ್ತಪ್ರಸಾದರಾಗಿ ಬಾಳಿದ ಈ ಕಲಾವಿದ 1943ರ ಕೊನೆಯಲ್ಲಿ ಬರಗಾಲದ ಬಂಗಾಳದ ಮಿಡ್ನಾಪುರ ಜಿಲ್ಲೆಯಲ್ಲಿ ನಡೆದಾಡಿ, ಹಸಿದವರನ್ನೂ ಸತ್ತವರನ್ನೂ ಇದ್ದಲ್ಲಿಯೇ ಬರೆದುಕೊಂಡರು. ಆ ರೇಖಾಚಿತ್ರಗಳನ್ನು ವರದಿಯೊಂದಿಗೆ ಪುಸ್ತಕವಾಗಿ ಪ್ರಕಟಿಸಿದಾಗ ಅಂದಿನ ಸರಕಾರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಚಿತ್ರ ಬರೆದುಕೊಳ್ಳುವ ಒಂದು ಪುಸ್ತಕಕ್ಕೆ ಸರಕಾರ ಹೆದರಬಹುದೆಂಬುದನ್ನು ಚಿತ್ರಕಲೆ ಕೇವಲ ಹವ್ಯಾಸವೆನ್ನುವವರು ನೆನಪಿಡಬೇಕು. ಮುಂದೆ ಅವರು ಮುಂಬಯಿಯ ಅಂಧೇರಿಯಲ್ಲಿ ಬಡತನದಲ್ಲಿಯೇ ಇದ್ದು ಲಿನೋ ಕೆತ್ತನೆಗೆ ಒಲಿದರು. ಬೀದಿಯಲ್ಲಿ ದುಡಿಯುವ ಮಕ್ಕಳ ಒಂದು ಮಾಲೆಯನ್ನೇ ಕೆತ್ತಿದರು. ಒಂದೇ ಫಲಕದಿಂದ ಬೇಕಾದಷ್ಟು ಪ್ರತಿ ತೆಗೆಯಬಹುದಾದ್ದರಿಂದ ಚಿತ್ರ ಒಬ್ಬ ಧನಿಕನ ಗೋಡೆಯಲ್ಲಿ ಬಂದಿಯಾಗುವುದಿಲ್ಲ.

ಕೌದಿಯನ್ನು ಅಚ್ಚಿಗೆ ತರುವ ಬಗೆಯನ್ನು ಸೊಸೆ ಹಲವು ರೀತಿಯಲ್ಲಿ ಪ್ರಯತ್ನಿಸಿದಳು. ಜೀಸ್ ಬೆಂಡಿನ ಮೇರಿ ಲೀ ಬೆಂಡಾಲ್ಫ್ ಮತ್ತು ಲೂಸಿಯಾನಾ ಬೆಂಡಾಲ್ಫ್ 2005ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ಒಂದು ಮುದ್ರಣಶಾಲೆಗೆ ಹೋಗಿ, ಚಿಕ್ಕ ಕೌದಿಗಳನ್ನು ಹೊಲಿದು, ತಾಮ್ರದ ಫಲಕದ ಮೇಲಿನ ಮೆತ್ತನೆಯ ಮೇಣದ ಲೇಪದಲ್ಲಿ ಒತ್ತಿದರು. ಬಟ್ಟೆಯ ನೂಲುನೂಲೂ ಲೇಪದಲ್ಲಿ ಮೂಡಿ, ಆಮ್ಲ ಅದನ್ನು ತಾಮ್ರಕ್ಕೆ ಕೊರೆಯಿತು. ನಮ್ಮವಳ ಬಳಿ ತಾಮ್ರವೂ ಇಲ್ಲ, ಆಮ್ಲದ ತೊಟ್ಟಿಯೂ ಇಲ್ಲ. ತಾನು ಹೊಲಿದ ಒಂದು ಸಣ್ಣ ಕೌದಿಗೆ ನೇರವಾಗಿ ಮಸಿ ಹಚ್ಚಿ ಒತ್ತಿ ನೋಡಿದಳು. ಬಟ್ಟೆ ಮಸಿಯನ್ನೆಲ್ಲ ಕುಡಿದು ಕಾಗದದ ಮೇಲೆ ಕೆಸರಿನಂತಾಯಿತು. ಆಮೇಲೆ ಪುಸ್ತಕದಲ್ಲಿ ಬರೆದ ಗೆರೆಗಳನ್ನೇ ತೆಳುಕಾಗದಕ್ಕೆ ಇಳಿಸಿ, ತಿರುಗಿಸಿ, ಲಿನೋಲಿಯಮ್ಮಿಗೆ ಒತ್ತಿ, ಹೊಲಿಗೆಗೊಂದು ಉಳಿಯ ಏಟಿನಂತೆ ಕೆತ್ತತೊಡಗಿದಳು. ಸೂಜಿ ಎದ್ದಲ್ಲಿ ಉಳಿ ಇಳಿಯಿತು. ಅವ್ವನ ಚಿಕ್ಕ ಹೊಲಿಗೆಗೆ ಚೂಪು ಉಳಿ, ತಂಗಿಯ ಉದ್ದ ಹೊಲಿಗೆಗೆ ಸ್ವಲ್ಪ ಅಗಲದ್ದು. ಮೂರು ವಾರ ಹಿಡಿಯಿತು. ತನ್ನ ತಾಯಿಯ ಡೊಂಕು ಸಾಲನ್ನು ನೆಟ್ಟಗೆ ಮಾಡಲೇ ಎಂದು ನನ್ನನ್ನು ಕೇಳಿದಳು; ಪಾಠಾಂತರಗಳನ್ನು ತಿದ್ದಬಾರದೆಂದು ನಾನು ಹೇಳಿದೆ.

ಹನ್ನೆರಡು ಪ್ರತಿಗಳನ್ನು ತೆಗೆದಿದ್ದಾಳೆ. ಒಂದನ್ನು ತಂಗಿಗೆ, ಒಂದನ್ನು ನನಗೆ ಕೊಟ್ಟಿದ್ದಾಳೆ. ಕಪ್ಪು ನೆಲದ ಮೇಲೆ ಬಿಳಿಯ ಸಣ್ಣ ಗೆರೆಗಳು ಸುತ್ತುಸುತ್ತಾಗಿ ಒಳಕ್ಕೆ ಸಾಗುತ್ತವೆ. ಬಲಗಡೆಯ ಕೆಳಭಾಗದಲ್ಲಿ, ಸುಮಾರು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಗೆರೆಗಳೇ ಇಲ್ಲ; ಬರಿಯ ಕಪ್ಪು. ಅಚ್ಚು ಕೆಟ್ಟಿದೆಯೆಂದು ನಾನು ತಿಳಿದೆ. ಅದು 1980ರ ದಶಕದಲ್ಲಿ ಯಾವುದೋ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವಾಗ ನಾನು ಚೆಲ್ಲಿದ ಮಸಿ. ಅವಳು ಅದನ್ನೂ ಬಿಟ್ಟಿಲ್ಲ.

ಕೌದಿ ಈಗ ನನ್ನ ಮನೆಗೆ ಮರಳಿ ಬಂದಿದೆ. ಬಿಚ್ಚಿದ ಮೂಲೆ ಇನ್ನೂ ಹಾಗೇ ಇದೆ. ಬರುವ ಭಾನುವಾರ ತಂಗಿಯೂ ಸೊಸೆಯೂ ಬಂದು ಅದನ್ನು ಹೊಲಿಯುವವರಿದ್ದಾರೆ. ದಪ್ಪ ಬಿಳಿ ದಾರ ಮತ್ತು ಉದ್ದನೆಯ ಎರಡು ಸೂಜಿ ತಂದಿಡಲು ನನಗೆ ಹೇಳಿದ್ದಾರೆ.